ಗೋಧಿ ಬಿಟ್ಟ ಮನೆಗೆ ಗೋಧಿ ನುಸುಳುವ ದಾರಿಗಳು

ಸೀಲಿಯಾಕ್ ಕಾಯಿಲೆ ಇರುವವರು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳನ್ನು ಜೀವನಪರ್ಯಂತ ಬಿಡಬೇಕೆಂದು ವೈದ್ಯರು ಹೇಳಿದಾಗ, ಅನ್ನ, ಮುದ್ದೆ, ಜೋಳದ ರೊಟ್ಟಿ ಉಣ್ಣುವ ಮನೆಗಳಲ್ಲಿ ಇದೇನು ಮಹಾ ಕಷ್ಟ ಎಂದೇ ಅನ್ನಿಸುತ್ತದೆ. ಚಪಾತಿ, ಬ್ರೆಡ್ಡು, ಬಿಸ್ಕತ್ತುಗಳನ್ನು ಬಿಡುವುದು ತಿಳಿದೇ ಇರುತ್ತದೆ. ರವೆಯ ಉಪ್ಪಿಟ್ಟು, ಕೇಸರಿಬಾತು, ಗೋಧಿ ಶ್ಯಾವಿಗೆಗಳನ್ನು ಬಿಡಬೇಕೆಂಬುದೂ ಬೇಗ ಮನದಟ್ಟಾಗುತ್ತದೆ. ತೊಂದರೆ ಬರುವುದು ಕಣ್ಣಿಗೆ ಬೀಳದೆ ಸೇರಿಕೊಳ್ಳುವ ಹಿಟ್ಟಿನಿಂದ. ಈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುವುದರಿಂದ, ದಿನವೂ ಚಿಟಿಕೆ ಹಿಟ್ಟು ಹೊಟ್ಟೆ ಸೇರುತ್ತಿದ್ದರೂ ಕರುಳು ಮಾಯುವುದು ಕಷ್ಟ. ಬೇಯಿಸುವುದರಿಂದಾಗಲಿ ಹುರಿಯುವುದರಿಂದಾಗಲಿ ಗ್ಲುಟೆನ್ ಹೋಗುವುದಿಲ್ಲ.

ಮೊದಲು ಇಂಗಿನ ಡಬ್ಬಿಯನ್ನು ತಿರುಗಿಸಿ ನೋಡಿ. ಅಂಗಡಿಯ ಇಂಗು ಬಹುಮಟ್ಟಿಗೆ ಗೋಂದು ಮತ್ತು ಹಿಟ್ಟು ಬೆರೆಸಿದ್ದಾಗಿರುತ್ತದೆ. ಆ ಹಿಟ್ಟು ಅನೇಕ ವೇಳೆ ಗೋಧಿಯದು ಅಥವಾ ಮೈದಾ. ಸಾರಿನ ಒಗ್ಗರಣೆ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಚಕ್ಕುಲಿ, ಹಪ್ಪಳ ಹೀಗೆ ಇಂಗು ಹೋಗದ ಜಾಗವೇ ಇಲ್ಲದಿರುವುದರಿಂದ, ಈ ಒಂದು ಡಬ್ಬಿಯನ್ನು ಬದಲಿಸುವುದೇ ಅಡುಗೆಮನೆಯಲ್ಲಿ ಮಾಡಬಹುದಾದ ಅತಿ ಮುಖ್ಯ ಕೆಲಸವೆಂದು ನಾನು ನಂಬುತ್ತೇನೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ. ಸಿಗದಿದ್ದರೆ ಬೆಳ್ಳುಳ್ಳಿಯ ಒಗ್ಗರಣೆ ಸಾಕು.

ಎರಡನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನ ಸಂದಿಯಲ್ಲೂ ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲೂ ಉಳಿದ ಹಿಟ್ಟು, ಮುಂದೆ ಬೀಸುವ ರಾಗಿ ಅಥವಾ ಜೋಳದ ಜೊತೆ ನೇರವಾಗಿ ನಿಮ್ಮ ಡಬ್ಬಕ್ಕೆ ಬರುತ್ತದೆ. ಹಿಂದೆ ಅಕ್ಕಿ ಬೀಸಿದ್ದರೂ ಇದು ಪೂರ್ತಿ ತಪ್ಪುವುದಿಲ್ಲವಾದ್ದರಿಂದ, ಗೋಧಿ ಹಾಕದ ಪ್ರತ್ಯೇಕ ಯಂತ್ರವಿರುವ ಗಿರಣಿಯನ್ನು ಹುಡುಕಬೇಕು, ಇಲ್ಲವೇ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಬೇಕು. ಬೀಸುವ ಮುನ್ನ ಕಾಳನ್ನು ಮೊರದಲ್ಲಿ ಹರಡಿ, ನಡುವೆ ಸೇರಿರುವ ಗೋಧಿ ಕಾಳುಗಳನ್ನು ಆರಿಸಿ, ತೊಳೆದು ಒಣಗಿಸುವ ಹಳೆಯ ಪದ್ಧತಿಯನ್ನು ಬಿಡಬೇಡಿ.

ಮನೆಯ ಉಳಿದವರು ಚಪಾತಿ ತಿನ್ನುವುದಾದರೆ ಮರದ ಲಟ್ಟಣಿಗೆ, ಮಣೆ, ಜರಡಿ ಮತ್ತು ಕಾವಲಿಗಳನ್ನು ಬೇರೆ ಇಡಿ. ಮರದ ಗೀರುಗಳಲ್ಲಿ, ಜರಡಿಯ ಕಣ್ಣುಗಳಲ್ಲಿ ಕೂತ ಹಿಟ್ಟು ತೊಳೆದರೂ ಸುಲಭವಾಗಿ ಬಿಡದು. ರೋಗಿಯ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಡಿ. ಚಪಾತಿ ಮುಟ್ಟಿದ ಚಮಚ ತುಪ್ಪ, ಚಟ್ನಿಪುಡಿಗಳ ಡಬ್ಬಿಗೆ ಹೋಗದಿರಲಿ.

ಪೊಟ್ಟಣದ ಪದಾರ್ಥಗಳಲ್ಲಿ ‘ಗೋಧಿರಹಿತ’ ಎಂಬ ಮಾತನ್ನು ನೆಚ್ಚಬೇಡಿ, ಏಕೆಂದರೆ ಗೋಧಿಯಿಲ್ಲದಿದ್ದರೂ ಬಾರ್ಲಿಯ ಮಾಲ್ಟ್ ಇರಬಹುದು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಇದು ಸಾಮಾನ್ಯ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಓಟ್ಸ್ ಅನ್ನು ಗೋಧಿಯ ಜೊತೆಯಲ್ಲೇ ಸಾಗಿಸಿ ಸಂಸ್ಕರಿಸುವುದು ವಾಡಿಕೆಯಾದ್ದರಿಂದ ಈ ಮುದ್ರೆಯಿಲ್ಲದ ಓಟ್ಸ್ ಬೇಡ, ಮುದ್ರೆ ಇದ್ದರೂ ವೈದ್ಯರನ್ನು ಕೇಳಿಯೇ ತಿನ್ನಿ.

ಹೋಟೆಲಿನಲ್ಲಿ ‘ಇದರಲ್ಲಿ ಗ್ಲುಟೆನ್ ಇದೆಯೇ’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಅಪರೂಪ. ಅದರ ಬದಲು, ಮಸಾಲೆ ದೋಸೆ ಹುಯ್ಯುವ ಕಾವಲಿಯ ಮೇಲೆಯೇ ರವೆ ದೋಸೆಯನ್ನೂ ಹುಯ್ಯುತ್ತೀರಾ, ಅಕ್ಕಿ ರೊಟ್ಟಿಗೆ ಮೈದಾ ಸೇರಿಸುತ್ತೀರಾ, ಪೂರಿ ಕರಿದ ಎಣ್ಣೆಯಲ್ಲೇ ವಡೆ ಕರಿಯುತ್ತೀರಾ ಎಂದು ಬಿಡಿಸಿ ಕೇಳಿ. ಆವಿಯಲ್ಲಿ ಬೆಂದ ಅಕ್ಕಿ ಇಡ್ಲಿ ಇದ್ದುದರಲ್ಲಿ ಕ್ಷೇಮ, ಆದರೆ ಸಾಂಬಾರಿನ ಇಂಗನ್ನು ವಿಚಾರಿಸಬೇಕು. ಗೋಬಿ ಮಂಚೂರಿಯಲ್ಲಿ ಮೈದಾ ಮಾತ್ರವಲ್ಲ, ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೋಧಿ ರವೆಯದು; ಮದುವೆಮನೆಯ ಹೋಳಿಗೆಯ ಕಣಕ ಮೈದಾ ಅಥವಾ ಚಿರೋಟಿ ರವೆಯದು. ಪ್ರಸಾದವನ್ನು ಬೇಡವೆನ್ನಲು ಸಂಕೋಚವಾಗುವುದು ಸಹಜ. ಆದರೆ ಮಗುವಿಗೆ ಕಾಯಿಲೆಯಿದ್ದರೆ ತಂದೆತಾಯಿಯೇ ಮೊದಲೇ ಹೇಳಿ, ಅದರ ಪಾಲಿಗೆ ಬಾಳೆಹಣ್ಣು, ಕೊಬ್ಬರಿ ಸಕ್ಕರೆ ಕೇಳಿ ಪಡೆಯುವುದು ಒಳ್ಳೆಯದು. ಒತ್ತಾಯಿಸುವ ಹಿರಿಯರೆದುರು ಮಗುವೊಂದೇ ನಿಲ್ಲುವಂತಾಗಬಾರದು.

ಇನ್ನೂ ಕಾಯಿಲೆ ಖಚಿತವಾಗದೆ ಬರೀ ಅನುಮಾನದಲ್ಲಿರುವವರು ಇವನ್ನೆಲ್ಲ ಈಗಲೇ ಆರಂಭಿಸಬಾರದು. ಗೋಧಿ ಬಿಟ್ಟ ಮೇಲೆ ಮಾಡುವ ರಕ್ತಪರೀಕ್ಷೆಯಲ್ಲೂ ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಕಾಯಿಲೆ ಕಾಣದೆ ಹೋಗಬಹುದು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಎಂದಿನಂತೆ ಊಟ ಮಾಡಿ.