ಆರಂಭಶೂರತನ ದಾಟಿ ಹವ್ಯಾಸ ಉಳಿಸಿಕೊಳ್ಳುವುದು ಹೇಗೆ?

ಮೊದಲ ವಾರ ದಿನಕ್ಕೆ ಎರಡು ಗಂಟೆ, ಎರಡನೇ ವಾರ ಪುರುಸೊತ್ತಿಲ್ಲ, ಮೂರನೇ ವಾರ ಬಣ್ಣದ ಪೆಟ್ಟಿಗೆ ಅಟ್ಟದ ಮೇಲೆ. ಹೆಚ್ಚಿನ ಹವ್ಯಾಸಗಳ ಕತೆ ಇಷ್ಟೇ. ಆಸೆ ಕಡಿಮೆಯಾಗಿ ಹೀಗಾಗುವುದು ಅಪರೂಪ; ಆಯ್ಕೆ ಮತ್ತು ಅಳತೆ ತಪ್ಪಿರುತ್ತದೆ.

ಆಯ್ಕೆಯಿಂದಲೇ ಶುರುಮಾಡಿ. ಯಾರೂ ಹೇಳದಿದ್ದರೂ ನೀವು ಹುಡುಕಿಕೊಂಡು ಹೋಗಿ ನೋಡುವ, ಕೇಳುವ, ಓದುವ ಸಂಗತಿಗಳನ್ನೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಅದರ ಅತಿ ಬೇಸರದ ಕೆಲಸವನ್ನೂ ಬರೆಯಿರಿ: ಕೊಳಲಾದರೆ ಒಂದೇ ಸ್ವರವನ್ನು ಮತ್ತೆ ಮತ್ತೆ ಊದುವುದು, ಮರಗೆಲಸವಾದರೆ ಉಜ್ಜುಕಾಗದ ಹಿಡಿದು ಕೂರುವುದು. ಆ ಬೇಸರವನ್ನು ಸಹಿಸಬಲ್ಲೆ ಎನಿಸಿದ ಎರಡನ್ನು ಮಾತ್ರ ಇಟ್ಟುಕೊಳ್ಳಿ. ಕೇಳುವ ಸುಖವೇ ಬೇರೆ, ನುಡಿಸುವ ಪಾಡೇ ಬೇರೆ. ಎರಡನ್ನೂ ಎರವಲು ಸಲಕರಣೆಯಲ್ಲಿ ಐದೈದು ಸಲ ಮಾಡಿ ನೋಡಿ. ಮೊದಲ ಸಲದ ಖುಷಿ ಹೊಸತನದ್ದು, ಅದನ್ನು ನಂಬಬೇಡಿ. ನಾಲ್ಕು-ಐದನೇ ಸಲಕ್ಕೂ ಕೈ ತಾನಾಗಿ ಅತ್ತ ಹೋದರೆ ಅದೇ ನಿಮ್ಮದು. ದುಬಾರಿ ಸಲಕರಣೆಯ ಯೋಚನೆ ಆಮೇಲೆ.

ಸಮಯ ವಾರಕ್ಕೆ ನಾಲ್ಕು ದಿನ, ಇಪ್ಪತ್ತು ನಿಮಿಷ ಸಾಕು. 'ಬಿಡುವಾದಾಗ' ಎಂದರೆ ಯಾವತ್ತೂ ಇಲ್ಲ ಎಂದೇ ಅರ್ಥ. ದಿನವೂ ತಪ್ಪದೆ ನಡೆಯುವ ಯಾವುದಾದರೂ ಕೆಲಸದ ಬೆನ್ನಿಗೆ ಇದನ್ನು ಜೋಡಿಸಿ. ಸಲಕರಣೆ ಪೆಟ್ಟಿಗೆಯೊಳಗಿರದೆ ಕಣ್ಣೆದುರಿಗಿರಲಿ, ಒಂದು ನಿಮಿಷದೊಳಗೆ ಕೆಲಸ ಶುರುವಾಗುವಂತಿರಲಿ. ಅಂದಿನ ಅಭ್ಯಾಸ ಮುಗಿಸಿ ಏಳುವ ಮುನ್ನ 'ನಾಳೆ ಇಲ್ಲಿಂದ' ಎಂದು ಒಂದು ಸಾಲು ಬರೆದಿಡಿ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪ ಲಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಒಂದು ಸಣ್ಣ ನಡವಳಿಕೆ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254ರವರೆಗೂ ಹೋಗುವ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಹಾಗಾಗಿ ತಪ್ಪಿದ ದಿನದ ಬಾಕಿ ತೀರಿಸಲು ಮರುದಿನ ದುಪ್ಪಟ್ಟು ಕೂರಬೇಡಿ. ಮತ್ತೆ ಬಿಟ್ಟುಹೋಗುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಒಂದೆರಡು ತಿಂಗಳಾದ ಮೇಲೆ ಬರುವ ಮಂಕುತನಕ್ಕೆ ಹೆಚ್ಚು ಗಮನ ಬೇಕು. ಅದು ಎರಡು ಬಗೆ, ಮದ್ದೂ ಬೇರೆ ಬೇರೆ. ಹತ್ತು ಪ್ರಯತ್ನದಲ್ಲಿ ಹತ್ತೂ ಸರಿಯಾಗುತ್ತಿದ್ದರೆ ಕೆಲಸ ಸುಲಭವಾಗಿದೆ, ಅದಕ್ಕೇ ಬೇಸರ. ಐದೂ ಸರಿಯಾಗದಿದ್ದರೆ ಕಷ್ಟ ಮಿತಿಮೀರಿದೆ, ಅದಕ್ಕೇ ಸಿಡುಕು. ಏಳೆಂಟು ಸರಿಯಾಗುವಷ್ಟಕ್ಕೆ ಕಷ್ಟವನ್ನು ಹೊಂದಿಸಿಕೊಳ್ಳಿ. ವಾದ್ಯದಲ್ಲಿ ನಿಮಿಷಕ್ಕೆ 80 ಬಡಿತದ ವೇಗದಲ್ಲಿ ಎಡವುತ್ತಿದ್ದರೆ 60ಕ್ಕೆ ಇಳಿಸಿ, ಸಲೀಸಾದಂತೆ ನಾಲ್ಕು ನಾಲ್ಕಾಗಿ ಏರಿಸಿ. ಚಿತ್ರದಲ್ಲಾದರೆ ಇಡೀ ಮುಖ ಬಿಟ್ಟು ವಾರವಿಡೀ ಕಣ್ಣು ಮಾತ್ರ ಬರೆಯಿರಿ.

ಹಣ, ಬಹುಮಾನ, ಲೈಕುಗಳ ಲೆಕ್ಕವನ್ನು ಮೊದಲ ವರ್ಷವಾದರೂ ದೂರವಿಡಿ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜತೆಗಾರರು, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು, ಆಮೇಲಿನ ಬಿಡುವಿನಲ್ಲಿ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟು. ಮುಂಚೆ ಹೇಳದೆ ಕೊಟ್ಟ ಬಹುಮಾನ ಪಡೆದವರಲ್ಲಿ ಈ ಕುಸಿತ ಕಾಣಲಿಲ್ಲ. ಅಂದಮೇಲೆ ಯಾರಾದರೂ ಹೊಗಳಿದರೆ ಸಂತೋಷಪಡಿ, ಹೊಗಳಿಕೆಗೆಂದು ಮಾತ್ರ ಕೂರಬೇಡಿ.

ಹುರುಪು ಗೀಳಾಗುವುದೂ ಉಂಟು. ಒಂದು ದಿನ ತಪ್ಪಿದರೆ ಮನೆಯವರ ಮೇಲೆ ಸಿಟ್ಟು, ನಿದ್ದೆಗೆ ಕತ್ತರಿ, ಮಾಡುವಾಗಲೂ ಖುಷಿಗಿಂತ ಒತ್ತಡ: ಇವು ಗುರುತುಗಳು. ಶುರುಮಾಡುವ ಹೊತ್ತಿನಂತೆ ಮುಗಿಸುವ ಹೊತ್ತಿಗೂ ಅಲಾರಂ ಇಡಿ.

ಮೂರು ತಿಂಗಳು ಸರಿಯಾದ ಅಳತೆಯಲ್ಲಿ ಮಾಡಿದರೂ ಕೂರುವ ಮುಂಚೆ ದಿನವೂ ಮನಸ್ಸು ಹಿಂದೆಗೆಯುತ್ತಿದ್ದರೆ ನಿಲ್ಲಿಸಿ. ಸಲಕರಣೆ ಎರವಲಿನದಾದರೆ ಹಿಂದಿರುಗಿಸಿ, ನಿಮ್ಮದೇ ಆದರೆ ಬೇಕಾದವರಿಗೆ ಕೊಟ್ಟುಬಿಡಿ. ಪಟ್ಟಿಯಲ್ಲಿ ಎರಡನೆಯದು ಇದ್ದೇ ಇದೆ.