ಜುಲೈನಲ್ಲೂ ಹಾಲಿನ ಡಿಗ್ರಿ ಇಳಿಯಲಿಲ್ಲ: ಮಲೆನಾಡಿನ ಕೊಟ್ಟಿಗೆಗೆ ಸೈಲೇಜ್ ಹೊಂದಿಸಿದ ಕಥೆ

ಸೈಲೇಜ್ ಅಂದರೆ ಹಸಿ ಮೇವನ್ನು ಕತ್ತರಿಸಿ, ಗಾಳಿಯಾಡದ ಹಾಗೆ ತುಳಿದು ಮುಚ್ಚಿ ಹುಳಿ ಬರಿಸಿದ ಮೇವು. ಇಂಥ ಹುಳಿ ಬಂದ ಮೇವು ಹಾಕಿದರೆ ಹಾಲೂ ಹುಳಿಯಾಗುತ್ತದೆ ಅಂತ ಹಾಲಿನ ಸೊಸೈಟಿ ಕಟ್ಟೆಯಲ್ಲಿ ನಕ್ಕವರಲ್ಲಿ ಇಬ್ಬರು ಈ ಸಲ ಆಗಸ್ಟ್‌ನಲ್ಲಿ ಬಂದು ಒಂದೊಂದು ಟನ್ ಕೇಳಿದರು. ಕೊಡಲಿಲ್ಲ, ನನ್ನ ಹಸುಗಳಿಗೆ ಲೆಕ್ಕ ಹಾಕಿ ತುಂಬಿದ್ದು. ಆದರೆ ಕೇಳಿದರಲ್ಲ, ಅದೇ ಖುಷಿ. ಹತ್ತು ಜನಕ್ಕೆ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ನಮ್ಮದು ರಿಪ್ಪನ್‌ಪೇಟೆಯಿಂದ ಹೊಸನಗರದ ಕಡೆ ಹೋಗುವಾಗ ಸಿಗುವ ಒಳಗಿನ ಊರು. ಎರಡು ಎಕರೆ ಚಿಲ್ಲರೆ ತೋಟ, ಸ್ವಲ್ಪ ಗದ್ದೆ. ಕೊಟ್ಟಿಗೆಯಲ್ಲಿ ಎಚ್‌ಎಫ್, ಜೆರ್ಸಿ ಕ್ರಾಸ್ (ವಿದೇಶಿ ತಳಿಗಳ ಮಿಶ್ರ) ಹಸು ಸೇರಿ ಹತ್ತು ಹನ್ನೊಂದು, ಯಾವಾಗ ನೋಡಿದರೂ ಏಳೆಂಟು ಕರೆಯುವಂಥವು. ಕೋಲಾರದ ಕಡೆಯ ಹೈನುಗಾರರನ್ನು ನೋಡಿ ಬಂದವರೆಲ್ಲ ಒಳ್ಳೆ ತಳಿ ತರಬೇಕು ಅನ್ನುತ್ತಾರೆ. ನನ್ನ ಕೊಟ್ಟಿಗೆಯಲ್ಲೂ ಮೇ ತಿಂಗಳವರೆಗೆ ಹಾಲು ಅವರಷ್ಟೇ ಬರುತ್ತಿತ್ತು. ಜೂನ್ ಮಳೆ ಹಿಡಿದ ಮೇಲೆ ಎಲ್ಲ ಕೆಡುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ಹಸಿರು, ಹಸುವಿನ ಹೊಟ್ಟೆಗೆ ಮಾತ್ರ ಬರೀ ನೀರು. ಆ ಎಳೆ ಹುಲ್ಲು ಎಷ್ಟು ತಿಂದರೂ ಸಗಣಿ ತೆಳ್ಳಗೆ, ಹಾಲಿನ ಡಿಗ್ರಿ, ಅಂದರೆ ಲ್ಯಾಕ್ಟೋಮೀಟರ್ ತೋರಿಸುವ ಗಟ್ಟಿತನ, ಕೆಳಗೆ. ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ಶೇಕಡಾ 8.5 ಮುಟ್ಟದಿದ್ದರೆ ರೇಟು ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ತೋಟದ ಹುಲ್ಲು ಕೊಯ್ಯೋಣ ಎಂದರೆ ಮೇಲೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತೇವೆ, ಮೈಲುತುತ್ತದ ಹುಲ್ಲನ್ನು ಹಸುವಿಗೆ ಹಾಕುವ ಹಾಗಿಲ್ಲ. ಗೊಣಬೆಯ (ಬಣವೆಯ) ಒಣಹುಲ್ಲಿಗೆ ಬೂಷ್ಟು. ಕೊನೆಗೆ ಉಳಿಯುವುದು ಹಿಂಡಿ ಚೀಲ ಒಂದೇ.

ಆ ನಾಲ್ಕು ತಿಂಗಳು ನನಗೆ ಲೀಟರಿಗೆ ಮೇವು, ಹಿಂಡಿ ಖರ್ಚೇ 30 ರೂಪಾಯಿ ಹತ್ತಿರ ಬೀಳುತ್ತಿತ್ತು. ಡೇರಿಯಿಂದ ಆಗ ಸಿಗುತ್ತಿದ್ದುದು ಸುಮಾರು 35, ಮೇಲೆ ಸರ್ಕಾರದ ಪ್ರೋತ್ಸಾಹಧನ 5. ಅದರಲ್ಲಿ ಡಾಕ್ಟರು, ಕರೆಂಟು, ನಮ್ಮಿಬ್ಬರ ದುಡಿಮೆ ಕಳೆದರೆ ಗೊಬ್ಬರ ಒಂದೇ ಲಾಭ. ಬೇಸಿಗೆಯಲ್ಲಿ ಗಳಿಸಿದ್ದನ್ನು ಮಳೆಗಾಲ ತಿನ್ನುತ್ತಿತ್ತು. ಅಂದರೆ ನಮ್ಮ ಕಡೆ ಪೈಪೋಟಿ ಕೊಡಬೇಕು ಅಂದರೆ ಮಳೆಗಾಲಕ್ಕೆ ಒಣ ಅಂಶ ಇರುವ ಮೇವು ಬೇಕು, ಅದೂ ಮಳೆಗೆ ಮೊದಲೇ ಮನೆಗೆ ಬಂದಿರಬೇಕು. ಪ್ಯಾಕ್ ಮಾಡಿದ ಸೈಲೇಜ್ ಒಂದು ವರ್ಷ ತರಿಸಿದೆ. ಮನೆ ಬಾಗಿಲಿಗೆ ಕೆಜಿಗೆ 8 ರೂಪಾಯಿ ಬಿತ್ತು, ಹಸು ಬದುಕಿದವು, ನಾನು ಮುಳುಗಿದೆ.

ಹಾಗಾಗಿ ಸೈಲೇಜ್ ನಾನೇ ಮಾಡಲು ಹೊರಟೆ. ಮೊದಲು ಮಾಡಿದ್ದು ಗುಂಡಿ. ಬಯಲುಸೀಮೆಯ ಲೆಕ್ಕದಲ್ಲಿ ಆಳಕ್ಕೆ ತೆಗೆಸಿ, ಶೀಟ್ ಹಾಸಿ ತುಂಬಿದೆ. ಜೂನ್ ಕೊನೆಗೆ ಕೆಳಗಿನಿಂದ ಜಲ ಎದ್ದು ಅರ್ಧ ಗುಂಡಿ ಕಪ್ಪು ಕೆಸರು. ಆರೇಳು ಟನ್ ತಿಪ್ಪೆಗೆ ಹೋಯಿತು. ಅಪ್ಪಯ್ಯ ಏನೂ ಅನ್ನಲಿಲ್ಲ, ಬಂದವರಿಗೆಲ್ಲ ಕರೆದುಕೊಂಡು ಹೋಗಿ ಗುಂಡಿ ತೋರಿಸಿದರು ಅಷ್ಟೇ. ಮರುವರ್ಷ ಚೀಲ. ಚೀಲದಲ್ಲಿ ಮೇವು ಚೆನ್ನಾಗಿಯೇ ಬಂತು, ಆದರೆ ಹೆಗ್ಗಣಕ್ಕೆ ಒಂದು ತೂತು ಸಾಕು, ಗಾಳಿ ಒಳಗೆ ಹೋಗಿ ಚೀಲಕ್ಕೆ ಚೀಲವೇ ಬೂಷ್ಟು. ಬೂಷ್ಟು ಹಿಡಿದದ್ದನ್ನು ಯಾವ ಕಾರಣಕ್ಕೂ ಹಾಕಬೇಡಿ, ಗಬ್ಬದ ಹಸುವಿಗಂತೂ ಬೇಡವೇ ಬೇಡ.

ಮೂರನೆಯದು ನೆಲದ ಮೇಲಿನ ತೊಟ್ಟಿ. ಇದೇ ಕೈ ಹಿಡಿದದ್ದು. ಜಂಬಿಟ್ಟಿಗೆ ಕಲ್ಲಿನ ಮೂರು ಗೋಡೆ, ಒಳಗೆ ಸಿಮೆಂಟ್ ಗಾರೆ, ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರು. ಅಗಲ ಐದೇ ಅಡಿ, ಎತ್ತರ ನಾಲ್ಕೂವರೆ, ಉದ್ದ ಮೂವತ್ತರ ಮೇಲೆ. ಇಂಥವು ಎರಡು. ಅಗಲ ಕಮ್ಮಿ ಯಾಕೆ ಅಂತ ಮೇಸ್ತ್ರಿಯೂ ಕೇಳಿದ. ನಮ್ಮಲ್ಲಿ ದಿನಕ್ಕೆ ಖರ್ಚಾಗುವುದು ಇನ್ನೂರು ಕೆಜಿ. ಬಾಯಿ ಅಗಲ ಇಟ್ಟರೆ ದಿನಕ್ಕೆ ಎರಡು ಇಂಚು ಕೂಡ ಒಳಗೆ ಹೋಗುವುದಿಲ್ಲ, ಗಾಳಿ ತಾಗಿದ್ದು ಬಿಸಿಯಾಗಿ ಕೆಡುತ್ತದೆ. ಐದು ಅಡಿಯಾದರೆ ದಿನಾ ಆರು ಇಂಚು ಸವೆಯುತ್ತದೆ. ಪುಸ್ತಕದ ಅಳತೆಯೆಲ್ಲ ಐವತ್ತು ಹಸುವಿನ ಫಾರ್ಮಿಗೆ ಬರೆದದ್ದು. ಎರಡಕ್ಕೂ ಸೇರಿ ಎಪ್ಪತ್ತು ಸಾವಿರ ದಾಟಿತು. ಮಾಡಿಗೆ ದುಡ್ಡು ಹಾಕಲಿಲ್ಲ, ಅಡಿಕೆ ಒಣಗಿಸುವ ಶೆಡ್ಡಿನ ಒಂದು ಬದಿಗೇ ಕಟ್ಟಿಸಿದೆ. ಜೂನ್‌ನಿಂದ ಕೊಯ್ಲು ಶುರುವಾಗುವವರೆಗೆ ಆ ಶೆಡ್ ಖಾಲಿಯೇ ಬಿದ್ದಿರುತ್ತದೆ.

ಮೇವು ಶಿಕಾರಿಪುರದ ಕಡೆಯದು. ಬೋರ್ ನೀರಿನಲ್ಲಿ ಜನವರಿ ಕೊನೆಗೆ ಬಿತ್ತಿದ ಬೇಸಿಗೆ ಮೆಕ್ಕೆಜೋಳ, ನಿಂತ ಪೈರನ್ನೇ ಎಕರೆ ಲೆಕ್ಕದಲ್ಲಿ ಕೊಳ್ಳುವುದು. ಎಂಬತ್ತು ಎಂಬತ್ತೈದು ದಿನಕ್ಕೆ ಹೋಗಿ ತೆನೆ ಸುಲಿದು ನೋಡುತ್ತೇನೆ. ಕಾಳು ಮುರಿದರೆ ಹಾಲಿನ ಗೆರೆ ಅರ್ಧಕ್ಕೆ ಇಳಿದಿರಬೇಕು. ಕತ್ತರಿಸಿದ್ದನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು, ರಸ ತೊಟ್ಟಿಕ್ಕಬಾರದು. ಅಲ್ಲೇ ಟ್ರ್ಯಾಕ್ಟರ್ ಮಷೀನಿನಲ್ಲಿ ಸಣ್ಣಗೆ ಕತ್ತರಿಸಿ, ಲಾರಿಗೆ ತುಂಬಿ, ಅದೇ ಸಂಜೆ ತೊಟ್ಟಿಗೆ. ರಾತ್ರಿ ಉಳಿಸಿದರೆ ಲಾರಿಯಲ್ಲೇ ಕಾವು ಏಳುತ್ತದೆ. ಅರ್ಧ ಅಡಿ ಪದರ ಹಾಕಿ ಪವರ್ ಟಿಲ್ಲರ್ ಓಡಿಸುತ್ತೇನೆ, ಐದು ಅಡಿಗೆ ಅದು ಸರಿಯಾಗಿ ಹೋಗುತ್ತದೆ. ಅಂಚಿಗೆ ಮಾತ್ರ ಕಾಲಲ್ಲೇ ತುಳಿಯಬೇಕು, ಕೆಡುವುದು ಅಲ್ಲಿಂದಲೇ. ಪದರದ ನಡುವೆ ನಾನೊಂದು ಚಿಮುಕಿಸುತ್ತೇನೆ. ಬೆಲ್ಲದ ನೀರಲ್ಲ, ತೆನೆ ಇರುವ ಜೋಳಕ್ಕೆ ಬೆಲ್ಲ ಬೇಕಾಗುವುದೇ ಇಲ್ಲ. ಏನು ಅಂತ ನನ್ನ ಹತ್ತಿರವೇ ಇರಲಿ.

ಎರಡು ಎಕರೆ ಪೈರಿಗೆ 40 ಸಾವಿರ, ಕೊಯ್ಲಿನ ಆಳಿಗೆ 12 ಸಾವಿರ, ಮಷೀನು ಡೀಸೆಲ್ಲು 10, ಲಾರಿ 15, ಶೀಟು ಗೀಟು ಎಂಟೊಂಬತ್ತು. ಬಂದದ್ದು 24 ಟನ್ ಆಸುಪಾಸು. ಕೆಜಿಗೆ ಮೂರೂವರೆ ರೂಪಾಯಿ ಚಿಲ್ಲರೆ. ಮುಚ್ಚಿ ಒಂದೂವರೆ ತಿಂಗಳು ಬಿಟ್ಟು ಜೂನ್ ಮೊದಲ ವಾರ ತೆಗೆದರೆ ಹದವಾದ ಹುಳಿ ವಾಸನೆ, ಹಳದಿ ಹಸಿರು ಬಣ್ಣ. ಹತ್ತು ದಿನ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಆಮೇಲೆ ದೊಡ್ಡ ಹಸುವಿಗೆ 18ರಿಂದ 20 ಕೆಜಿ. ಹಾಲು ಕರೆದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಹಾಲಿಗೆ ವಾಸನೆ ಹಿಡಿಯುತ್ತದೆ. ಹುಳಿಹಾಲಿನ ಸುದ್ದಿ ಹುಟ್ಟಿದ್ದು ಹೀಗೇ ಇರಬೇಕು.

ನಡುವೆ ಬೇರೆ ಆಟಗಳೂ ನಡೆದವು. ಅಜೋಲಾ (ನೀರಿನ ಮೇಲೆ ಬೆಳೆಸುವ ಮೇವಿನ ಸಸ್ಯ) ನಮ್ಮ ಮಳೆಗೆ ತೊಟ್ಟಿಯಿಂದ ಹೊರಗೆ ತೇಲಿ ಹೋಯಿತು. ಟ್ರೇನಲ್ಲಿ ಮೊಳಕೆ ಜೋಳ ಬೆಳೆಸಿದರೆ ಜುಲೈನ ತೇವಕ್ಕೆ ಬೂಷ್ಟು, ಬಿಸಿಲು ಬರುವ ಊರಿಗೆ ಅದು ಸರಿ. ಅಡಿಕೆ ಹಾಳೆ ಕತ್ತರಿಸಿ ಹಾಕಿದೆ. ತಿಂದವು, ಹೊಟ್ಟೆ ತುಂಬಿತು, ಹಾಲು ತುಂಬಲಿಲ್ಲ, ಹಾಲು ಬತ್ತಿದ ಹಸುಗಳಿಗೆ ಈಗಲೂ ಹಾಕುತ್ತೇನೆ. ಹಲಸಿನಹಣ್ಣಿನ ಸಿಪ್ಪೆ, ದಿಂಡು ಎಲ್ಲ ಸೇರಿಸಿ ಒಂದು ಡ್ರಮ್ ಸೈಲೇಜ್ ಮಾಡಿದ್ದು ಮಾತ್ರ ಮರೆಯುವ ಹಾಗಿಲ್ಲ. ಮುಚ್ಚಳ ತೆಗೆದರೆ ಹೆಂಡದಂಗಡಿ. ಹಸುಗಳು ಹಗ್ಗ ಎಳೆದಾಡಿದವು, ಕೊಡಲು ಧೈರ್ಯ ಬರಲಿಲ್ಲ.

ನಮ್ಮ ನಾಟಿ ತಳಿಯ ಮೂರು ಮಲೆನಾಡು ಗಿಡ್ಡ ಹಸುಗಳೂ ಇವೆ. ಅವು ಒಂದೆರಡು ಲೀಟರ್ ಕೊಡುತ್ತವೆ, ಖರ್ಚು ಶೂನ್ಯ, ಬೆಟ್ಟಕ್ಕೆ ಹೋಗಿ ತಾವೇ ಬರುತ್ತವೆ. ಮನೆಯ ತುಪ್ಪ ಅವುಗಳದ್ದೇ. ಆದರೆ ಬೆಟ್ಟದಿಂದ ಉಣುಗು (ರಕ್ತ ಹೀರುವ ಉಣ್ಣೆ) ಹೊತ್ತು ತರುತ್ತವೆ, ಅದು ಕ್ರಾಸ್ ಹಸುವಿಗೆ ಹತ್ತಿದರೆ ಥೈಲೇರಿಯಾ ಜ್ವರ. ಒಂದು ಹಸು ಹಾಗೇ ಹೋಯಿತು, ಇನ್ನೊಂದಕ್ಕೆ ಇಂಜೆಕ್ಷನ್ನಿಗೇ ಸಾವಿರಗಟ್ಟಲೆ. ಅಲ್ಲಿಂದ ಗಿಡ್ಡಗಳಿಗೆ ಬೇರೆ ಕೊಟ್ಟಿಗೆ. ಕಾಡಂಚಿಗೆ ಹುಲ್ಲಿಗೆ ಹೋಗುವುದನ್ನೂ ಬಿಟ್ಟೆವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಸೈಲೇಜ್ ಇದ್ದುದರಿಂದ ಹೆಂಡತಿಗೆ ಆ ಓಡಾಟ ತಪ್ಪಿತು.

ಈ ಜುಲೈನಲ್ಲಿ ಹಿಂಡಿ ಹಸುವಿಗೆ ಎರಡು ಕೆಜಿಯಷ್ಟು ಕಮ್ಮಿಯಾಯಿತು, ಹಾಲು ಮೇ ತಿಂಗಳಿನಷ್ಟೇ ನಿಂತಿತು. ಎಸ್‌ಎನ್‌ಎಫ್ 8.5ರಿಂದ ಕೆಳಗೆ ಬಂದದ್ದು ಒಂದೆರಡು ಸಲ, ಅದೂ ಸಂಜೆ ಹಾಲು. ಮೇವು, ಹಿಂಡಿ ಖರ್ಚು ಲೀಟರಿಗೆ 20, 21ಕ್ಕೆ ಬಂತು. ತೊಟ್ಟಿ ಕಟ್ಟಿದ ದುಡ್ಡು ಎರಡನೇ ಮಳೆಗಾಲ ಮುಗಿಯುವ ಮೊದಲೇ ಹುಟ್ಟಿತು. ಸಗಣಿ ಗಟ್ಟಿಯಾದ್ದರಿಂದ ಗೊಬ್ಬರವೂ ಟ್ರ್ಯಾಕ್ಟರ್ ಲೋಡಿಗೆ ಒಳ್ಳೆ ರೇಟಿಗೆ ತೋಟದವರಿಗೆ ಹೋಗುತ್ತಿದೆ.

ಈಗಿನ ತಲೆನೋವು ಬೇರೆ. ಎಕರೆಗೆ 20 ಸಾವಿರ ಇದ್ದ ಪೈರಿಗೆ ಮುಂದಿನ ಸಲ 24 ಕೇಳುತ್ತಿದ್ದಾರೆ, ನಮ್ಮ ಕಡೆಯವರೇ ಹೋಗಿ ರೇಟು ಏರಿಸಿದ್ದಾರೆ. ಹಾಗಾಗಿ ಡಿಸೆಂಬರ್‌ನಲ್ಲೇ ಹೋಗಿ ಬೀಜದ ದುಡ್ಡು ನಾನೇ ಕೊಟ್ಟು, ಬಿತ್ತುವ ಮೊದಲೇ ಮಾತು ಮುಗಿಸುವ ಯೋಚನೆ. ಯಾರ ಹೊಲ, ಯಾವ ಊರು ಅಂತ ಮಾತ್ರ ಕೇಳಬೇಡಿ.