ಪಾಲೋ ಆಲ್ಟೋದಲ್ಲಿ ಪಕ್ಕದ ಸೈಟಲ್ಲಿ ದೊಡ್ಡ ಬಿಲ್ಡಿಂಗ್ ಬರ್ತಿದ್ಯಾ? ಎಲ್ಲಿ, ಯಾವಾಗ, ಹೇಗೆ ಮಾತಾಡ್ಬೇಕು

ಬೇ ಏರಿಯಾದಲ್ಲಿರೋ ನಮ್ಮವರು ಸುಮಾರು ಜನ ಸಿಟಿಯಿಂದ ಬಂದ ನೋಟಿಸ್ ಕಾರ್ಡನ್ನ ಜಂಕ್ ಮೇಲ್ ಜೊತೆ ಕಸಕ್ಕೆ ಹಾಕಿ, ಆಮೇಲೆ ಜಾಗ ಅಗೆಯೋಕೆ ಶುರು ಮಾಡಿದ ದಿನ ವಾಟ್ಸಾಪ್ ಗ್ರೂಪಲ್ಲಿ ಬೊಬ್ಬೆ ಹೊಡೀತಾರೆ. ಅಷ್ಟೊತ್ತಿಗೆ ಎಲ್ಲಾ ಮುಗಿದಿರತ್ತೆ. ಪಾಲೋ ಆಲ್ಟೋ ಲೆಕ್ಕದಲ್ಲಿ ಹೇಳ್ತೀನಿ, ಅಕ್ಕಪಕ್ಕದ ಊರುಗಳಲ್ಲಿ ಹೆಸರು, ಗಡುವು ಬೇರೆ ಇರಬಹುದು.

ಮೊದಲು ಯಾರ ಕೈಲಿ ಏನಿದೆ ನೋಡಿ. ಸಿಟಿ ಕೌನ್ಸಿಲ್‌ನಲ್ಲಿ 7 ಜನ, ಅವರೇ ತಮ್ಮೊಳಗೆ ಒಬ್ಬರನ್ನ ಮೇಯರ್ ಮಾಡ್ಕೋತಾರೆ, ದಿನನಿತ್ಯದ ಆಡಳಿತ ನಡೆಸೋದು ಸಿಟಿ ಮ್ಯಾನೇಜರ್. ಅಂದ್ರೆ ಊರಲ್ಲಿ ಕಾರ್ಪೊರೇಟರ್ ಹಿಡ್ಕೊಂಡು ಕೆಲಸ ಮಾಡಿಸೋ ಅಭ್ಯಾಸ ಇಲ್ಲಿ ನಡೆಯಲ್ಲ, ಮೇಯರ್‌ಗೂ ಇರೋದು ಒಂದೇ ಓಟು. ಡಿಸೈನ್ ನೋಡೋದು ಆರ್ಕಿಟೆಕ್ಚರಲ್ ರಿವ್ಯೂ ಬೋರ್ಡ್, 5 ಜನ, ಅದರಲ್ಲಿ ಕನಿಷ್ಠ 3 ಜನ ಆರ್ಕಿಟೆಕ್ಟ್ ಥರ ಡಿಸೈನ್ ಕಸುಬಿನವರೇ ಇರ್ಬೇಕು. ಆದ್ರೆ ಬೋರ್ಡ್ ಕೊಡೋದು ಬರೀ ಶಿಫಾರಸು, ಒಪ್ಪಿಗೆ ಕೊಡೋದು ಪ್ಲಾನಿಂಗ್ ಡೈರೆಕ್ಟರ್. ಪಕ್ಕದವರು ಎರಡಂತಸ್ತಿನ ಸ್ವಂತ ಮನೆ ಕಟ್ತಿದ್ರೆ ಅದು ಬೋರ್ಡ್‌ಗೆ ಹೋಗಲ್ಲ, ಇಂಡಿವಿಜುವಲ್ ರಿವ್ಯೂ ಅಂತ ಸ್ಟಾಫ್ ಹತ್ರನೇ ನಡೆಯತ್ತೆ.

ಈಗ ಮುಖ್ಯ ವಿಷಯ. "ಬಿಲ್ಡಿಂಗ್ ಚೆನ್ನಾಗಿಲ್ಲ, ನಮ್ಮ ಏರಿಯಾ ಹಾಳಾಗತ್ತೆ" ಅಂದ್ರೆ ಬೋರ್ಡ್‌ನವರು ತಲೆ ಆಡಿಸಿ ಥ್ಯಾಂಕ್ಯೂ ಅಂದು ಮುಂದಕ್ಕೆ ಹೋಗ್ತಾರೆ. ಅವರು ತೀರ್ಮಾನ ಮಾಡೋದು ಸಿಟಿ ಕೋಡಲ್ಲಿರೋ ಫೈಂಡಿಂಗ್ಸ್ ಮೇಲೆ, ಅಂದ್ರೆ ಒಪ್ಪಿಗೆಗೆ ಮುಂಚೆ ಹೌದು ಅನ್ನಿಸ್ಬೇಕಾದ ಅಂಶಗಳು: ಪ್ಲಾನ್ ಝೋನಿಂಗ್‌ಗೆ (ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನೋ ನಿಯಮಕ್ಕೆ) ಹೊಂದತ್ತಾ, ಮೆಟೀರಿಯಲ್ ಗುಣಮಟ್ಟದ್ದಾ, ನಡೆಯೋರಿಗೆ ಸೈಕಲ್‌ನವರಿಗೆ ಸೇಫಾ, ಗಿಡಮರ ಈ ಕಡೆ ಹವಾಮಾನಕ್ಕೆ ಸರಿಹೋಗತ್ತಾ, ಈ ಥರ. ನಿಮ್ಮ ದೂರನ್ನ ಇದರಲ್ಲಿ ಒಂದಕ್ಕೆ ಗಂಟು ಹಾಕಿ. ಡ್ರಾಯಿಂಗ್ ಡೌನ್‌ಲೋಡ್ ಮಾಡಿ ಎಲಿವೇಶನ್ ಶೀಟ್ (ಬಿಲ್ಡಿಂಗ್ ಒಂದೊಂದು ಕಡೆಯಿಂದ ಹೇಗೆ ಕಾಣತ್ತೆ ಅನ್ನೋ ಡ್ರಾಯಿಂಗ್) ತೆಗೀರಿ, ನಿಮ್ಮ ಕಡೆ ಮುಖ ಮಾಡಿರೋ ಕಿಟಕಿ ಎಷ್ಟು, ಕಸದ ಬಿನ್ ಇಡೋ ಜಾಗ ನಿಮ್ಮ ಬೆಡ್‌ರೂಮ್ ಪಕ್ಕಕ್ಕೇ ಬಂದಿದ್ಯಾ, ಗರಾಜ್ ರ‍್ಯಾಂಪ್ ಮಕ್ಕಳು ಸ್ಕೂಲಿಗೆ ಸೈಕಲ್ ತುಳ್ಕೊಂಡು ಹೋಗೋ ದಾರಿಗೇ ಬಾಯಿ ಬಿಟ್ಟಿದ್ಯಾ ನೋಡಿ, ಶೀಟ್ ನಂಬರ್ ಸಮೇತ "ಈ ರ‍್ಯಾಂಪನ್ನ ಆ ಕಡೆಗೆ ಸರಿಸಿ" ಅಂತ ಬರೀರಿ. ಇಂಥ ಒಂದು ಸಾಲಿನ ಮುಂದೆ ಐವತ್ತು ಸಹಿ ಇರೋ ಪಿಟಿಷನ್ ಏನೂ ಅಲ್ಲ, ನನ್ನ ಪ್ರಕಾರ.

ಹೆಚ್ಚಾಗಿ ಮನೆಗಳೇ ಇರೋ ಪ್ರಾಜೆಕ್ಟ್ ಆದ್ರೆ ಆಸೆ ಸ್ವಲ್ಪ ಕಮ್ಮಿ ಇಟ್ಕೊಳ್ಳಿ, 2019ರ ಎಸ್‌ಬಿ 330 ಅನ್ನೋ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ನಿಯಮಕ್ಕೆ ಸರಿಯಾಗಿರೋ ಪ್ರಾಜೆಕ್ಟ್‌ಗೆ 5ಕ್ಕಿಂತ ಜಾಸ್ತಿ ಹಿಯರಿಂಗ್ ಇಡೋ ಹಾಗಿಲ್ಲ, ಅಳೆದು ತೋರಿಸೋಕಾಗದ ಕಾರಣಕ್ಕೆ ಬೇಡ ಅನ್ನೋದೂ ಕಷ್ಟ.

ಮಾಮೂಲಿ ಮೀಟಿಂಗ್ ಅಜೆಂಡಾ ಕನಿಷ್ಠ 72 ಗಂಟೆ ಮುಂಚೆ ಹಾಕ್ಲೇಬೇಕು, 1953ರ ಬ್ರೌನ್ ಆಕ್ಟ್, ಅಂದ್ರೆ ಇಂಥ ಮೀಟಿಂಗ್ ಎಲ್ಲರೆದುರೇ ನಡೀಬೇಕು ಅನ್ನೋ ಕ್ಯಾಲಿಫೋರ್ನಿಯಾ ಕಾನೂನು ಹಾಗೆ ಹೇಳತ್ತೆ. ಮಾತಾಡೋಕೆ ಸಿಟಿಜನ್ ಆಗಿರ್ಬೇಕಿಲ್ಲ, ಎಚ್1ಬಿ ಸಾಕು, ಊರಿಂದ ಬಂದಿರೋ ಅಪ್ಪ ಅಮ್ಮನೂ ಮಾತಾಡಬಹುದು. ಅದೂ ಕನ್ನಡದಲ್ಲೇ! ಟ್ರಾನ್ಸ್‌ಲೇಟರ್ ಜೊತೆ ಮಾತಾಡೋರಿಗೆ ಕಮ್ಮಿ ಅಂದ್ರೂ ಎರಡರಷ್ಟು ಟೈಮ್ ಕೊಡ್ಬೇಕು ಅಂತ ಕಾನೂನೇ ಇದೆ, ಮಾಮೂಲಿ 3 ನಿಮಿಷ ಇದ್ರೆ 6. ಮೀಟಿಂಗಲ್ಲೇ ಹೆಡ್‌ಫೋನ್ ಹಾಕಿ ಜೊತೆಜೊತೆಗೆ ಅನುವಾದ ಮಾಡೋ ವ್ಯವಸ್ಥೆ ಇದ್ರೆ ಮಾತ್ರ ಇದು ಅನ್ವಯ ಆಗಲ್ಲ.

ಬೋರ್ಡ್ ಮೆಂಬರ್‌ಗಳಿಗೆಲ್ಲ ಒಟ್ಟಿಗೆ ಮೇಲ್ ಹಾಕಿ ಚರ್ಚೆ ಶುರು ಮಾಡ್ಬೇಡಿ, ಐವರಲ್ಲಿ ಮೂರು ಜನ, ಅಂದ್ರೆ ಬಹುಮತ, ಅದರಲ್ಲೇ ಮಾತಾಡ್ಕೊಂಡ್ರೆ ಅದೇ ಬ್ರೌನ್ ಆಕ್ಟ್ ಉಲ್ಲಂಘನೆ. ಪ್ರಾಜೆಕ್ಟ್ ಪ್ಲಾನರ್‌ಗೆ (ಆ ಫೈಲ್ ನೋಡ್ಕೊಳ್ಳೋ ಸಿಟಿ ಸ್ಟಾಫ್‌ಗೆ) ಕಳಿಸಿ, ಅವರು ಫೈಲಿಗೆ ಸೇರಿಸ್ತಾರೆ. ಆ ಮೇಲಲ್ಲೇ ಡೈರೆಕ್ಟರ್ ಡಿಸಿಷನ್ ಬಂದಾಗ ನನಗೂ ತಿಳಿಸಿ ಅಂತ ಒಂದು ಸಾಲು ಸೇರಿಸಿ, ಯಾಕಂದ್ರೆ ಕೌನ್ಸಿಲ್‌ಗೆ ಅಪೀಲ್ ಹೋಗೋಕೆ ಇರೋದು 14 ದಿನ, ಅದಕ್ಕೆ ಫೀಸೂ ಇದೆ.